ಕವರಿನಿಂದ ಹಾಲಿಗೆ ಒಂದು ವಲಸೆ

ಅದಿಯಮಾನ್‌ಕೋಟೆಯ ಕೂಡುರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆಲ್ಲ ಟೀ ಅಂಗಡಿಯ ಬಾಯ್ಲರ್ ಕುದಿಯುತ್ತಿರುತ್ತದೆ. ಸೇಲಂ ಕಡೆಯಿಂದ ತೊಪ್ಪೂರು ಘಾಟಿ ಹತ್ತಿ ಬಂದ ಲಾರಿ, ಹೊಸೂರಿನಿಂದ ರಾಯಕೋಟೆ, ಪಾಲಕ್ಕೋಡು ದಾರಿಯಾಗಿ ಬಂದ ಬಸ್ಸು, ಧರ್ಮಪುರಿಗೆ ಕೆಲಸಕ್ಕೆ ಹೊರಟವರ ಬೈಕು, ಎಲ್ಲಕ್ಕೂ ಅಲ್ಲೊಂದು ಗಳಿಗೆ ನಿಲುಗಡೆ. ಕಟ್ಟಡದ ಕೆಲಸದವರಿಗೆ ಟೀ ಒಯ್ಯಲು ಬಂದ ಹುಡುಗ "ಅಣ್ಣಾ, ಆರು ಪಾರ್ಸೆಲ್" ಎನ್ನುತ್ತಾನೆ. ಟೀ ಮಾಸ್ಟರ್ ಕುದಿಯುವ ಹಾಲಿಗೆ ಡಿಕಾಕ್ಷನ್ ಬೆರೆಸಿ, ಮಗ್ಗಿನಿಂದ ಮಗ್ಗಿಗೆ ಎತ್ತರದಿಂದ ಎರಡು ಸಲ ಆಡಿಸಿ, ಬಾಯಿ ಅಗಲಿಸಿ ಹಿಡಿದ ತೆಳು ಕವರಿಗೆ ಸುರಿಯುತ್ತಾನೆ. ಕವರಿನ ಕುತ್ತಿಗೆಗೆ ನೂಲು ಸುತ್ತಿ ಒಂದು ಗಂಟು. ಹೊಟ್ಟೆ ಉಬ್ಬಿದ ಆ ಕವರು ಬೈಕಿನ ಹ್ಯಾಂಡಲಿಗೆ ನೇತು ಬಿದ್ದು ಹೊರಡುತ್ತದೆ. ಕೆಲಸದ ಜಾಗ ತಲುಪಿ ಲೋಟಕ್ಕೆ ಬಗ್ಗಿಸುವ ಹೊತ್ತಿಗೆ ಹದಿನೈದು ನಿಮಿಷ ಕಳೆದಿರುತ್ತದೆ.

ಆ ಹದಿನೈದು ನಿಮಿಷದಲ್ಲಿ ಕವರಿಗೂ ಟೀಗೂ ನಡುವೆ ಏನು ನಡೆಯುತ್ತದೆ ಎಂದು ಇವತ್ತು ಬರೆಯುತ್ತಿದ್ದೇನೆ. ಪ್ಲಾಸ್ಟಿಕ್ಕು ಮತ್ತು ಹಾಲಿನ ಮಾತು ಬಂದಾಗಲೆಲ್ಲ ನಮ್ಮ ಜನ ಹೆದರುವುದು ಬೆಳಿಗ್ಗೆ ಬಾಗಿಲಿಗೆ ಬರುವ ಹಾಲಿನ ಪಾಕೀಟಿಗೆ. ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳೂ ಅದನ್ನೇ ವಿಷ ಎನ್ನುತ್ತವೆ. ನನ್ನ ಮಾತು ಬೇರೆ. ಹಾಲು ಪ್ಲಾಸ್ಟಿಕ್ಕನ್ನು ಮುಟ್ಟುವ ಎಲ್ಲ ಜಾಗಗಳ ಪೈಕಿ ಕಾನೂನಿನ ಕಣ್ಣು ಹೆಚ್ಚು ಬಿದ್ದಿರುವುದು ಆ ತಣ್ಣನೆಯ ಪಾಕೀಟಿನ ಮೇಲೆ. ಯಾರ ಕಣ್ಣೂ ಬೀಳದಿರುವುದು ಬಿಸಿ ಕವರಿನ ಮೇಲೆ, ಅಡುಗೆಮನೆಯ ತುಪ್ಪದ ಡಬ್ಬಿಯ ಮೇಲೆ.

ಈ ಊರಿನಿಂದಲೇ ಶುರು ಮಾಡಿದ್ದಕ್ಕೂ ಕಾರಣ ಇದೆ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ ಅದಿಯಮಾನ್ ಅರಸರ ಕೋಟೆಯಿದ್ದ ಜಾಗ ಇದು. ಪಕ್ಕದ ಧರ್ಮಪುರಿಗೆ ಹಳೆಯ ಹೆಸರು ತಗಡೂರು. ನೊಳಂಬರ ಕಾಲದ ಕನ್ನಡ ಶಾಸನಗಳು ಅಲ್ಲಿವೆ, ಕನ್ನಡ ಆಡುವ ಮನೆಗಳು ಈಗಲೂ ಈ ಜಿಲ್ಲೆಯಲ್ಲಿವೆ. ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಲ್ಲಿಸಿರುವ ವೀರಗಲ್ಲುಗಳನ್ನು ನೋಡಿದರೆ ಗೊತ್ತಾಗುತ್ತದೆ, ಈ ಸೀಮೆಯಲ್ಲಿ ದನಕ್ಕಾಗಿ ಎಷ್ಟು ಜನ ಸತ್ತಿದ್ದಾರೆ ಎಂದು. ತುರುಗೋಳಿನಲ್ಲಿ ಮಡಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ಬೆಲೆ ದನಕ್ಕಿತ್ತು. ಪೆನ್ನಾಗರದ ಕಡೆಯ ಆಲಂಬಾಡಿ ದನದ ತಳಿ ಹೆಸರಾದದ್ದೂ ಇದೇ ಸೀಮೆಯಲ್ಲಿ. ಇವತ್ತಿಗೂ ಒಣ ಬೇಸಾಯದ ಮನೆಗಳಲ್ಲಿ ವಾರದ ಖರ್ಚು ನಡೆಯುವುದು ಹಾಲಿನ ಕಾಸಿನಿಂದ. ಹಾಲನ್ನು ಇಷ್ಟು ಗೌರವದಿಂದ ಕಂಡ ನೆಲದಲ್ಲಿ, ಕರೆದ ಮೇಲೆ ಅದನ್ನು ಯಾವುದರಲ್ಲಿ ಇಡುತ್ತೇವೆ ಎಂದು ಕೇಳುವುದು ತಪ್ಪಲ್ಲ.

ಪೊಟ್ಟಣದ ವಸ್ತು ಅದರೊಳಗಿನ ಆಹಾರಕ್ಕೆ ಇಳಿಯುವುದಕ್ಕೆ ವಿಜ್ಞಾನಿಗಳು ವಲಸೆ ಎನ್ನುತ್ತಾರೆ. ಧರ್ಮಪುರಿಯವರಿಗೆ ಇದು ಹೊಸ ಮಾತಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರ ಮನೆಗಳು ಇಲ್ಲಿ ಊರೂರಿಗೂ ಇವೆ. ಊರು ಬಿಡುವವರು ಯಾರು? ಬೇರು ಇಳಿಯದ, ಹಗುರವಾದ, ಎಲ್ಲಿಗೆ ಬೇಕಾದರೂ ಹೋಗಬಲ್ಲ ಹರೆಯದವರು. ಪ್ಲಾಸ್ಟಿಕ್ಕಿನಲ್ಲೂ ಹೀಗೆಯೇ. ಹಾಲಿನ ಪಾಕೀಟು ಪಾಲಿಥೀನ್ ಹಾಳೆಯದು. ಸಾಮಾನ್ಯವಾಗಿ ಮೂರು ಪದರ ಒಂದಕ್ಕೊಂದು ಕೂಡಿ ಬಂದ ಹಾಳೆ. ಪಾಲಿಥೀನಿನ ಅಣು ಬಹಳ ಉದ್ದದ ಸರಪಳಿ. ಒಂದರೊಳಗೊಂದು ಹೆಣೆದುಕೊಂಡಿರುವ ಆ ಸರಪಳಿಗಳು ಬಿಡಿಸಿಕೊಂಡು ಹಾಲಿಗೆ ಇಳಿಯುವುದಿಲ್ಲ. ಇಳಿಯುವವು ಅವುಗಳ ಜೊತೆ ಇರುವ ಸಣ್ಣ ಅಣುಗಳು. ಪ್ಲಾಸ್ಟಿಕ್ ಹರಳನ್ನು ಕರಗಿಸಿ ಹಾಳೆ ಎಳೆಯುವಾಗ ಸುಟ್ಟು ಕಂದದಂತೆ ಬೆರೆಸಿದ ಉತ್ಕರ್ಷಣ ನಿರೋಧಕಗಳು, ಹಾಳೆಗೆ ಹಾಳೆ ಅಂಟದೆ ಜಾರಲೆಂದು ಹಾಕುವ ಎರುಕಮೈಡ್, ಒಲಿಯಮೈಡ್‌ನಂಥ ಜಾರಕಗಳು, ಸರಪಳಿಯಾಗದೆ ಉಳಿದ ತುಂಡುಗಳು, ಶಾಯಿ ಮತ್ತು ಅಂಟಿನ ಶೇಷ. ಎರುಕಮೈಡ್ ಹುಟ್ಟುವುದು ಸಾಸಿವೆ ಜಾತಿಯ ಎಣ್ಣೆಯಿಂದ. ಎಲ್ಲವೂ ಭಯಂಕರ ವಸ್ತುಗಳೇನಲ್ಲ. ಆದರೆ ಎಲ್ಲವೂ ಪ್ರಯಾಣಿಕರು.

ಅದಿಯಮಾನ್‌ಕೋಟೆಯ ಕಾಲಭೈರವನ ಗುಡಿಗೆ ಕೃಷ್ಣಪಕ್ಷದ ಅಷ್ಟಮಿಯ ದಿನ ಹೋದವರಿಗೆ ಈ ಪ್ರಯಾಣ ಹೇಗೆ ಎಂದು ಬೇಗ ತಿಳಿಯುತ್ತದೆ. ಬೂದುಗುಂಬಳವನ್ನು ಕೊಯ್ದು ದೀಪ ಹಚ್ಚಲು ಬಂದವರ ನೂಕುನುಗ್ಗಲು. ದೊಡ್ಡವರು ನಿಂತಲ್ಲೇ ಸಿಕ್ಕಿಕೊಂಡಿರುತ್ತಾರೆ. ಸಣ್ಣ ಮಕ್ಕಳು ಮಾತ್ರ ಕಾಲುಗಳ ಸಂದಿಯಲ್ಲಿ ನುಸುಳಿ ಮುಂದೆ ಹೋಗಿಬಿಟ್ಟಿರುತ್ತಾರೆ. ಜನ ಕದಲದೆ ನಿಂತಿದ್ದಾಗ ಸಂದಿ ಕಡಿಮೆ. ಮಂಗಳಾರತಿಯ ಗಂಟೆ ಬಾರಿಸಿ ಜನರೆಲ್ಲ ಓಲಾಡಲು ಶುರುವಾದರೆ ಸಂದಿಗಳು ತೆರೆಯುತ್ತವೆ, ಮಕ್ಕಳ ಓಟ ಜೋರಾಗುತ್ತದೆ. ಪಾಲಿಥೀನಿನ ಸರಪಳಿಗಳೂ ನಮ್ಮ ಮನೆಯ ಸಾಧಾರಣ ಬಿಸಿಯಲ್ಲೇ ಓಲಾಡುತ್ತಿರುತ್ತವೆ, ಅದಕ್ಕೇ ಆ ಹಾಳೆ ಮೆತ್ತಗಿರುವುದು. ಬಿಸಿ ಏರಿದಷ್ಟೂ ಓಲಾಟ ಹೆಚ್ಚು, ಸಂದಿ ಹೆಚ್ಚು, ಸಣ್ಣ ಅಣುಗಳ ಓಟವೂ ಹೆಚ್ಚು.

ಹೊರಬಂದ ಅಣು ಹಾಲಿನಲ್ಲಿ ನಿಲ್ಲಬೇಕಾದರೆ ಅದಕ್ಕೆ ಅಲ್ಲೊಂದು ಆಸರೆ ಬೇಕು. ಇವುಗಳಲ್ಲಿ ಬಹುಪಾಲು ನೀರಿಗೆ ಒಗ್ಗದ, ಜಿಡ್ಡಿಗೆ ಒಲಿಯುವ ಅಣುಗಳು. ಬರೀ ನೀರಿದ್ದರೆ ಹಾಳೆಯಲ್ಲೇ ಇರಲು ಇಷ್ಟಪಡುತ್ತವೆ. ಹಾಲಿನಲ್ಲಿ ಕೊಬ್ಬಿನ ಸಣ್ಣ ಸಣ್ಣ ಗುಂಡುಗಳು ತೇಲುತ್ತಿರುತ್ತವೆಯಲ್ಲ, ಅವುಗಳಿಗೆ ಅದೇ ತವರು. ತಮಿಳುನಾಡಿನ ಹಾಲು ಒಕ್ಕೂಟ ಆವಿನ್‌ನ ನೀಲಿ ಪಾಕೀಟಿನಲ್ಲಿ ಕೊಬ್ಬು ಶೇ 3, ಹಸಿರಿನಲ್ಲಿ ಶೇ 4.5, ಕಿತ್ತಳೆಯಲ್ಲಿ ಶೇ 6. ಬೆಣ್ಣೆಯಲ್ಲಿ ಶೇ 80. ತುಪ್ಪವೆಂದರೆ ಹೆಚ್ಚುಕಡಿಮೆ ಪೂರ್ತಿ ಕೊಬ್ಬೇ. ಈ ಏಣಿಯನ್ನು ಹತ್ತುತ್ತಾ ಹೋದಂತೆ ಪ್ಲಾಸ್ಟಿಕ್ಕಿನಿಂದ ಎಳೆದುಕೊಳ್ಳುವ ಬಲವೂ ಏರುತ್ತದೆ. ಮೊಸರಿನದು ಇನ್ನೊಂದು ದಾರಿ; ಅದರ ಹುಳಿ ಕೆಲವು ಲೋಹದ ಅಂಶಗಳನ್ನು, ಬಣ್ಣಗಳನ್ನು ಬಿಡಿಸಿಕೊಳ್ಳುತ್ತದೆ.

ಕಾನೂನು ಇದಕ್ಕೆ ಒಂದು ಗೆರೆ ಎಳೆದಿದೆ. ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ, 2018ರ ಡಿಸೆಂಬರ್‌ನಲ್ಲಿ ಪ್ಯಾಕೇಜಿಂಗ್ ನಿಯಮಗಳನ್ನು ಹೊರಡಿಸಿತು. 2019ರ ಜುಲೈ 1ರಿಂದ ಅವು ಜಾರಿಯಲ್ಲಿವೆ. ಪೊಟ್ಟಣದಿಂದ ಆಹಾರಕ್ಕೆ ಇಳಿಯುವ ಎಲ್ಲ ವಸ್ತುಗಳ ಒಟ್ಟು ಮೊತ್ತ ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ಮೀರಬಾರದು, ಇಲ್ಲವೇ ಹಾಳೆಯ ಪ್ರತಿ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಮೀರಬಾರದು. ಅರವತ್ತು ಮಿಲಿಗ್ರಾಂ ಎಂದರೆ ಸುಮಾರು ಮೂರು ಅಕ್ಕಿಕಾಳಿನ ತೂಕ. ಬೇರಿಯಂ, ಕೋಬಾಲ್ಟ್, ಸತುವಿನಂಥ ಕೆಲವಕ್ಕೆ ಪ್ರತ್ಯೇಕ ಮಿತಿಗಳಿವೆ. ಬಣ್ಣ ಕಣ್ಣಿಗೆ ಕಾಣುವಂತೆ ಇಳಿಯಕೂಡದು. ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಕವರಿನಲ್ಲಿ ಆಹಾರ ಕಟ್ಟುವುದನ್ನೂ, ಪತ್ರಿಕೆಯ ಕಾಗದದಲ್ಲಿ ಸುತ್ತುವುದನ್ನೂ ಅದೇ ನಿಯಮ ತಡೆದಿತ್ತು. ಮುಂದೆ ಮರುಬಳಕೆಯ ಪೆಟ್ ಬಾಟಲಿಗೆ ಮಾತ್ರ ಷರತ್ತಿನ ಮೇಲೆ ದಾರಿ ಬಿಟ್ಟರು.

ಅರವತ್ತು ಮತ್ತು ಹತ್ತು, ಈ ಎರಡು ಅಂಕಿಗಳ ನಂಟಿನಲ್ಲಿ ಒಂದು ಘನಾಕೃತಿ ಅಡಗಿದೆ. ಒಂದು ಕಿಲೋ ಆಹಾರ ಹತ್ತು ಸೆಂಟಿಮೀಟರ್ ಉದ್ದಗಲ ಎತ್ತರದ ಪೆಟ್ಟಿಗೆಯಲ್ಲಿದೆ ಎಂದು ಯುರೋಪಿನವರು ಲೆಕ್ಕ ಹಿಡಿದರು. ಆ ಪೆಟ್ಟಿಗೆಗೆ ಆರು ಮುಖ, ಒಂದೊಂದು ಮುಖ ಒಂದು ಚದರ ಡೆಸಿಮೀಟರ್; ಆರು ಹತ್ತಲಿ ಅರವತ್ತು. ನಮ್ಮ ಅಡುಗೆಮನೆಗೆ ಬರುವ ಹಾಲು ಪೆಟ್ಟಿಗೆಯ ಆಕಾರದಲ್ಲಿ ಬರುವುದಿಲ್ಲ. ನಾನು ಅರ್ಧ ಲೀಟರಿನ ಖಾಲಿ ಪಾಕೀಟನ್ನು ತೊಳೆದು ಅಳತೆಪಟ್ಟಿ ಇಟ್ಟೆ. ಅಗಲ ಸುಮಾರು 15 ಸೆಂಟಿಮೀಟರ್, ಉದ್ದ ಸುಮಾರು 20. ಎರಡೂ ಬದಿ ಸೇರಿ 600 ಚದರ ಸೆಂಟಿಮೀಟರ್. ಕಾನೂನಿನ ಪೆಟ್ಟಿಗೆಯಲ್ಲಿ ಒಂದು ಲೀಟರಿಗೆ ತಗಲುವಷ್ಟು ಪ್ಲಾಸ್ಟಿಕ್ಕು ಇಲ್ಲಿ ಅರ್ಧ ಲೀಟರಿಗೇ ತಗಲುತ್ತದೆ. ಟೀ ಕಟ್ಟುವ ಅಂಗೈಯಗಲದ ಕವರನ್ನೂ ಅಳೆದೆ. ಹತ್ತು ಬೈ ಹದಿನೈದು, ಎರಡೂ ಬದಿಗೆ 300 ಚದರ ಸೆಂಟಿಮೀಟರ್, ಒಳಗೆ 200 ಮಿಲಿಲೀಟರ್ ಟೀ. ಲೀಟರಿಗೆ ಹೋಲಿಸಿದರೆ ಪೆಟ್ಟಿಗೆಗಿಂತ ಎರಡೂವರೆ ಪಟ್ಟು ಸ್ಪರ್ಶ. ಪೊಟ್ಟಣ ಚಿಕ್ಕದಾದಷ್ಟೂ ಒಳಗಿನ ಪ್ರತಿ ಗುಟುಕಿಗೆ ಪ್ಲಾಸ್ಟಿಕ್ಕಿನ ಪಾಲು ಹೆಚ್ಚು. ಮಕ್ಕಳ ಕೈಗೆ ಕೊಡುವ ಪುಟ್ಟ ಪುಟ್ಟ ಪೊಟ್ಟಣಗಳನ್ನು ನೋಡುವಾಗ ಇದು ನೆನಪಿಗೆ ಬರುತ್ತದೆ.

ಪರೀಕ್ಷೆ ಹೇಗೆ ಮಾಡುತ್ತಾರೆ ಎಂದರೆ, ಹಾಲನ್ನೇ ಪಾಕೀಟಿಗೆ ಸುರಿದು ನೋಡುವುದಿಲ್ಲ. ಹಾಲಿನಲ್ಲಿ ಕೊಬ್ಬು, ಪ್ರೋಟೀನು, ಸಕ್ಕರೆ ಎಲ್ಲ ಕಲಸಿಕೊಂಡಿರುವುದರಿಂದ ಅದರೊಳಗೆ ಇಳಿದ ಕಣದಷ್ಟು ವಸ್ತುವನ್ನು ಹುಡುಕುವುದು ಕಷ್ಟ. ಬದಲಿಗೆ ಪ್ರತಿನಿಧಿ ದ್ರವಗಳಿವೆ. ಭಾರತೀಯ ಮಾನದಂಡ ಐಎಸ್ 9845 ಅದರ ಕ್ರಮವನ್ನು ಹೇಳುತ್ತದೆ. ನೀರಾದ ಆಹಾರಕ್ಕೆ ಶುದ್ಧ ನೀರು, ಹುಳಿಗೆ ಶೇ 3ರ ಅಸಿಟಿಕ್ ಆಮ್ಲ, ಜಿಡ್ಡಿಗೆ ಹೆಪ್ಟೇನ್. ಬಹುಕಾಲ ಇಡುವ ಪೊಟ್ಟಣವಾದರೆ 40 ಡಿಗ್ರಿ ಬಿಸಿಯಲ್ಲಿ 10 ದಿನ ನೆನೆಹಾಕಿ, ದ್ರವವನ್ನು ಆವಿಯಾಗಿಸಿ ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಯುರೋಪಿನಲ್ಲಿ ಹಾಲಿಗೆ ಪ್ರತಿನಿಧಿ ಅರ್ಧಕ್ಕರ್ಧ ಆಲ್ಕೋಹಾಲ್ ಬೆರೆಸಿದ ನೀರು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಆಹಾರದ ಕೆಲಸ ಮಾಡುತ್ತಿದೆ. ಪ್ಯಾಕೇಜಿಂಗಿಗೆ ಅಲ್ಲಿ ಬೇರೆಯೇ ವಿಭಾಗವಿದೆ. ಹಾಲಿನ ಪಾಲಿಥೀನ್ ಪೊಟ್ಟಣಕ್ಕೆಂದೇ ಐಎಸ್ 11805 ಎಂಬ ಪ್ರತ್ಯೇಕ ಮಾನದಂಡ ಇದೆ. ಹಾಲು ಒಕ್ಕೂಟವೊಂದು ಟನ್ನುಗಟ್ಟಲೆ ಹಾಳೆ ಕೊಳ್ಳುವಾಗ ಈ ಮಾನದಂಡಗಳಿಗೆ ಒಪ್ಪಿದ ಕಾಗದಗಳನ್ನು ಕೇಳುತ್ತದೆ. ಹಾಲು ತುಂಬಿದ ಕ್ಷಣದಿಂದ ಪಾಕೀಟು ತಣ್ಣಗಿರುತ್ತದೆ, ಎರಡು ದಿನದೊಳಗೆ ಖಾಲಿಯಾಗುತ್ತದೆ. ಇಷ್ಟು ಕಾವಲು ಇರುವುದರಿಂದಲೇ ಆ ಪಾಕೀಟಿನ ಬಗ್ಗೆ ನನಗೆ ಭಯ ಕಡಿಮೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಬೇಕು. ಹಾಲಿನ ಪಾಕೀಟಿನಲ್ಲಿ ಬಿಸ್ಫಿನಾಲ್-ಎ ಇದೆ, ಥಾಲೇಟು ಇದೆ ಎಂದು ಬಹಳ ಜನ ನಂಬಿದ್ದಾರೆ. ಬಿಸ್ಫಿನಾಲ್ ಬರುವುದು ಪಾಲಿಕಾರ್ಬೊನೇಟ್ ಎಂಬ ಗಡಸು ಪಾರದರ್ಶಕ ಪ್ಲಾಸ್ಟಿಕ್ಕಿನಿಂದ ಮತ್ತು ಡಬ್ಬಿಗಳ ಒಳಗೆ ಬಳಿಯುವ ಎಪಾಕ್ಸಿಯಿಂದ. ಥಾಲೇಟುಗಳು ಬೇಕಾಗುವುದು ಗಟ್ಟಿ ಪಿವಿಸಿಯನ್ನು ಮೆತ್ತಗೆ ಮಾಡಲು. ಪಾಲಿಥೀನ್ ಹುಟ್ಟಿನಿಂದಲೇ ಮೆತ್ತಗಿನದು, ಅದಕ್ಕೆ ಇವೆರಡೂ ಬೇಕಿಲ್ಲ. ಹಾಲಿಗೆ ಥಾಲೇಟು ಸೇರಿದ ಹೆಸರಾಂತ ಪ್ರಕರಣ ನಾರ್ವೆಯದು. ಅಲ್ಲಿ ಹುಡುಕಿದಾಗ ಸಿಕ್ಕ ಮೂಲ ಪಾಕೀಟಾಗಿರಲಿಲ್ಲ, ಹಾಲು ಕರೆಯುವ ಯಂತ್ರದ ಪಿವಿಸಿ ಕೊಳವೆಯಾಗಿತ್ತು. ಕೊಳವೆಯೊಳಗೆ ಹರಿಯುವ ಹಾಲು ಹಸುವಿನ ಮೈಯ ಬಿಸಿಯಲ್ಲೇ ಇರುತ್ತದೆ, ಕೊಬ್ಬೂ ಇರುತ್ತದೆ. ನಮ್ಮ ಕಡೆ ಈಗ ಹತ್ತು ಹಸು ಕಟ್ಟಿದವರೂ ಕರೆಯುವ ಯಂತ್ರ ತರುತ್ತಿದ್ದಾರೆ. ಕೊಳ್ಳುವಾಗ ಕೊಳವೆ ಯಾವುದರದು ಎಂದು ಕೇಳಿ, ಸಿಲಿಕೋನ್ ಅಥವಾ ಆಹಾರಕ್ಕೆ ತಕ್ಕ ರಬ್ಬರ್ ಎಂದು ಬರೆದದ್ದನ್ನೇ ತನ್ನಿ.

ಬಿಸಿಯ ಲೆಕ್ಕಕ್ಕೆ ಬರೋಣ, ನನ್ನ ಮನಸ್ಸು ನಿಂತಿರುವುದು ಅಲ್ಲೇ. ಪ್ಲಾಸ್ಟಿಕ್ಕಿನೊಳಗೆ ಸಣ್ಣ ಅಣುಗಳು ನುಸುಳುವ ವೇಗ ಪ್ರತಿ ಹತ್ತು ಡಿಗ್ರಿಗೆ ಸುಮಾರು ಎರಡರಿಂದ ಮೂರು ಪಟ್ಟು ಏರುತ್ತದೆ. ಕಡಿಮೆಯದನ್ನೇ ಹಿಡಿಯೋಣ, ಎರಡು ಪಟ್ಟು. ಫ್ರಿಜ್ಜಿನಲ್ಲಿ ಪಾಕೀಟು 4 ಡಿಗ್ರಿಯಲ್ಲಿದೆ. ಕವರಿಗೆ ಬಿದ್ದ ಟೀ 84 ಡಿಗ್ರಿ ಎನ್ನಿ. ನಡುವೆ ಎಂಟು ಹತ್ತುಗಳು. ಎರಡನ್ನು ಎಂಟು ಸಲ ಗುಣಿಸಿದರೆ 256. ಅಂದರೆ ಕವರಿನಲ್ಲಿ ಟೀಯ ಹದಿನೈದು ನಿಮಿಷ, ಪಾಕೀಟಿನಲ್ಲಿ ಹಾಲಿನ 64 ಗಂಟೆಗೆ ಸಮ. ಎರಡೂವರೆ ದಿನಕ್ಕಿಂತ ಹೆಚ್ಚು! ಇದು ಒರಟು ಲೆಕ್ಕ. ಟೀ ದಾರಿಯಲ್ಲಿ ಆರುತ್ತಾ ಹೋಗುತ್ತದೆ, ಹಾಳೆಯ ದಪ್ಪ ಬೇರೆ ಬೇರೆ. ಮೂರು ಪಟ್ಟು ಎಂದು ಹಿಡಿದರೆ ಅಂಕಿ ಎಲ್ಲಿಗೋ ಹೋಗುತ್ತದೆ. ಆದರೂ ಒರಟಾಗಿಯೇ ಇದು ಹೇಳುವ ಮಾತು ಸ್ಪಷ್ಟ. ಒಂದು ಕವರು ಟೀ ಕುಡಿಯುವುದರೊಳಗೆ, ಪಾಕೀಟಿನ ಹಾಲು ತನ್ನ ಇಡೀ ಆಯುಷ್ಯದಲ್ಲಿ ಕಾಣುವಷ್ಟು ವಲಸೆ ಮುಗಿದಿರುತ್ತದೆ. ಜೊತೆಗೆ ಆ ಕವರು ಬಿಸಿಗೆಂದು ಮಾಡಿದ್ದಲ್ಲ. ಅದರ ಮೇಲೆ ಹೆಸರಿಲ್ಲ, ಸಂಖ್ಯೆಯಿಲ್ಲ, ಯಾವ ಹರಳಿನಿಂದ ಬಂತು, ಅದರಲ್ಲಿ ಮರುಬಳಕೆಯದೆಷ್ಟು ಎಂದು ಮಾಸ್ಟರಿಗೂ ಗೊತ್ತಿಲ್ಲ, ಅವನಿಗೆ ಕಟ್ಟು ಮಾರಿದವನಿಗೂ ಗೊತ್ತಿಲ್ಲ. ಕಪ್ಪು ಕವರಾದರೆ ಕೇಳುವುದೇ ಬೇಡ. ಎಲ್ಲ ಬಣ್ಣದ ಹಳೆಯ ಪ್ಲಾಸ್ಟಿಕ್ಕನ್ನು ಕರಗಿಸಿದಾಗ ಅದರ ಗುರುತು ಮುಚ್ಚಲು ಉಳಿಯುವುದು ಕಪ್ಪೊಂದೇ.

ಇದೇ ಬಿಸಿಯ ತಪ್ಪು ನಮ್ಮ ಮನೆಗಳಲ್ಲೂ ನಡೆಯುತ್ತದೆ, ಅದೂ ಅತ್ಯಂತ ಪ್ರೀತಿಯಿಂದ. ವಾರವೆಲ್ಲ ಕೆನೆ ಕೂಡಿಟ್ಟು, ಕಡೆದು, ಬೆಣ್ಣೆ ತೆಗೆದು, ನುಗ್ಗೆಸೊಪ್ಪೋ ವೀಳ್ಯದೆಲೆಯೋ ಹಾಕಿ ತುಪ್ಪ ಕಾಯಿಸುತ್ತೇವೆ. ಗಸಿ ಕೆಂಪಗಾಗುವ ಹೊತ್ತಿಗೆ ತುಪ್ಪದ ಬಿಸಿ ನೂರು ಡಿಗ್ರಿ ದಾಟಿರುತ್ತದೆ. ಪರಿಮಳ ಆರಬಾರದೆಂದು ಬಿಸಿಬಿಸಿಯಾಗಿಯೇ ಸೋಸಿ, ಖಾಲಿಯಾಗಿದ್ದ ಯಾವುದೋ ಪ್ಲಾಸ್ಟಿಕ್ ಡಬ್ಬಿಗೆ ಬಗ್ಗಿಸುತ್ತೇವೆ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಹಾಗೇ ಮಾಡುತ್ತಿದ್ದರು. ಒಮ್ಮೆ ಡಬ್ಬಿಯ ಭುಜ ಸೊಟ್ಟಗಾದದ್ದು ನನಗೆ ಚೆನ್ನಾಗಿ ನೆನಪಿದೆ, ಆ ತುಪ್ಪವನ್ನು ನಾವು ಊಟಕ್ಕೆ ಬಳಸಿದ್ದೂ ನೆನಪಿದೆ. ಅಪ್ಪಟ ಜಿಡ್ಡು, ಮಿತಿಮೀರಿದ ಬಿಸಿ, ತಿಂಗಳುಗಟ್ಟಲೆ ವಾಸ: ವಲಸೆಗೆ ಬೇಕಾದ ಮೂರೂ ಒಂದೇ ಡಬ್ಬಿಯಲ್ಲಿ. ಅಜ್ಜಿಯ ಕಾಲದ ಹಿತ್ತಾಳೆ ತಂಬಿಗೆಗೆ ಕಲಾಯಿ ಹಾಕಿಸುವವರು ಈಗ ಸಿಗುವುದು ಕಷ್ಟ. ಆದರೆ ಗಾಜಿನ ಶೀಸೆ, ಪಿಂಗಾಣಿ ಜಾಡಿ, ಸ್ಟೀಲ್ ಡಬ್ಬಿ ಯಾವ ಮನೆಯಲ್ಲಿಲ್ಲ? ತುಪ್ಪವನ್ನು ಅವುಗಳಿಗೇ ಸೋಸಿ. ಬಿಸಿ ಮೊಸರನ್ನ, ಕಾಯಿಸಿದ ಹಾಲು, ಒಲೆಯಿಂದಿಳಿದ ಕೋವಾ, ಇವೂ ಅಷ್ಟೇ. ಮೊಸರಿನ ಲೋಟದ ತಳದಲ್ಲಿ ತ್ರಿಕೋನದೊಳಗೆ 6 ಎಂದಿದ್ದರೆ ಅದು ಪಾಲಿಸ್ಟೈರೀನ್. ತಣ್ಣನೆ ಮೊಸರು ತಿಂದು ಬಿಸಾಡಲು ಸರಿ, ತೊಳೆದಿಟ್ಟು ಅದರಲ್ಲೇ ಬಿಸಿ ಪಾಯಸ ಹಾಕಿಕೊಡಬೇಡಿ. ಅದರ ಮೂಲವಸ್ತು ಸ್ಟೈರೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2018ರಲ್ಲಿ ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ ವಸ್ತುಗಳ ಗುಂಪಿಗೆ ಸೇರಿಸಿತು.

ವಲಸೆ ಹಾಳೆಯ ಒಳಗಿನಿಂದಲೇ ಬರಬೇಕೆಂದಿಲ್ಲ ಎಂಬುದನ್ನು ಜಗತ್ತು ಕಲಿತದ್ದು 2005ರಲ್ಲಿ, ಇಟಲಿಯಲ್ಲಿ. ಅಲ್ಲಿ ನೆಸ್ಲೆಯ ಮಕ್ಕಳ ಹಾಲಿನಲ್ಲಿ ಐಟಿಎಕ್ಸ್ ಎಂಬ ವಸ್ತು ಸಿಕ್ಕಿತು. ಅದು ಟೆಟ್ರಾ ಪ್ಯಾಕ್ ಪೆಟ್ಟಿಗೆಯ ಹೊರಮೈಯ ಶಾಯಿಯನ್ನು ಬೆಳಕಿನಲ್ಲಿ ಬೇಗ ಒಣಗಿಸಲು ಬಳಸುವ ವಸ್ತು. ಪೆಟ್ಟಿಗೆಯ ಗೋಡೆಯಲ್ಲಿ ಅಲ್ಯುಮಿನಿಯಂ ಪದರವಿದೆ, ಅದನ್ನು ದಾಟಿ ಶಾಯಿ ಒಳಗೆ ಬರಲಾರದು. ಹಾಗಾದರೆ ಬಂದದ್ದೆಲ್ಲಿಂದ? ಮುದ್ರಿಸಿದ ಹಾಳೆಯನ್ನು ಸುರುಳಿ ಸುತ್ತಿದಾಗ ಒಂದು ಸುತ್ತಿನ ಹೊರಮೈ ಮುಂದಿನ ಸುತ್ತಿನ ಒಳಮೈಗೆ ಒತ್ತಿಕೊಂಡಿರುತ್ತದೆ. ಶಾಯಿಯ ಅಂಶ ಅಲ್ಲೇ ಅಂಟಿಕೊಂಡು, ಪೆಟ್ಟಿಗೆಯಾದ ಮೇಲೆ ಹಾಲಿಗೆ ಇಳಿದಿತ್ತು. ಆ ನವೆಂಬರ್‌ನಲ್ಲಿ ಇಟಲಿಯ ಅಧಿಕಾರಿಗಳು ಸುಮಾರು 3 ಕೋಟಿ ಲೀಟರ್ ಹಾಲನ್ನು ಜಪ್ತಿ ಮಾಡಿದರು. ಸಿಕ್ಕ ಪ್ರಮಾಣದಿಂದ ಕೂಡಲೇ ಆರೋಗ್ಯಕ್ಕೆ ಹಾನಿಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಮುಂದೆ ಹೇಳಿತು. ಆದರೂ ಶಾಯಿಯ ಬಗ್ಗೆ ಜಗತ್ತಿನ ನೋಟ ಅಲ್ಲಿಂದ ಬದಲಾಯಿತು. ನಮ್ಮಲ್ಲೂ ಆಹಾರದ ಪೊಟ್ಟಣದ ಶಾಯಿ ಐಎಸ್ 15495 ಎಂಬ ಮಾನದಂಡಕ್ಕೆ ಒಪ್ಪಬೇಕು. ಖಾಲಿ ಪಾಕೀಟನ್ನು ಒಳಹೊರಗು ಮಾಡಿ ಬೇರೆ ಆಹಾರ ಸುತ್ತಿಡುವ ಅಭ್ಯಾಸ ಇರುವವರು ಇದನ್ನು ಗಮನಿಸಬೇಕು; ಶಾಯಿಯ ಬದಿ ಊಟವನ್ನು ಮುಟ್ಟಲೆಂದು ಯಾರೂ ಮಾಡಿದ್ದಲ್ಲ.

ಇಷ್ಟೆಲ್ಲ ಇಳಿದರೆ ಆಗುವುದೇನು? ಒಂದು ಕವರು ಟೀ ಕುಡಿದು ಯಾರೂ ಮಲಗುವುದಿಲ್ಲ. ಅದೇ ಕಾರಣಕ್ಕೆ ಈ ವಿಷಯವನ್ನು ಜನರ ಮುಂದಿಡುವುದು ಕಷ್ಟ. ಕೆಲವು ವಸ್ತುಗಳು ದೇಹದ ಹಾರ್ಮೋನುಗಳ ಮಾತಿನೊಳಗೆ ಬಾಯಿ ಹಾಕುತ್ತವೆ. ಅದಕ್ಕೆ ದೊಡ್ಡ ಪ್ರಮಾಣ ಬೇಕಿಲ್ಲ, ವರ್ಷಗಟ್ಟಲೆ ಸಣ್ಣ ಪ್ರಮಾಣ ಸಾಕಾಗಬಹುದು. ಬಿಸ್ಫಿನಾಲ್-ಎ ವಿಷಯದಲ್ಲಿ ಯುರೋಪಿನ ಸಂಸ್ಥೆ ದಿನಕ್ಕೆ ಕಿಲೋ ದೇಹತೂಕಕ್ಕೆ 4 ಮೈಕ್ರೊಗ್ರಾಂವರೆಗೆ ಆಗಬಹುದು ಎನ್ನುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಅದನ್ನು 0.2 ನ್ಯಾನೊಗ್ರಾಂಗೆ, ಅಂದರೆ 20,000 ಪಟ್ಟು ಕೆಳಗೆ ಇಳಿಸಿತು. ಜರ್ಮನಿಯ ಸಂಸ್ಥೆ ಒಪ್ಪದೆ ತನ್ನ ಅಂಕಿ 200 ನ್ಯಾನೊಗ್ರಾಂ ಎಂದಿತು. ಬಲ್ಲವರ ನಡುವೆಯೇ ಸಾವಿರ ಪಟ್ಟಿನ ಅಂತರ! ಆದರೂ ಇಬ್ಬರೂ ಹಳೆಯ ಮಿತಿಗಿಂತ ಕೆಳಗೇ ಬಂದರು ಎಂಬುದನ್ನು ಗಮನಿಸಿ. 2024ರ ಕೊನೆಗೆ ಯುರೋಪ್ ಆಹಾರ ಮುಟ್ಟುವ ವಸ್ತುಗಳಲ್ಲಿ ಅದನ್ನು ನಿಷೇಧಿಸಿತು. ಎಳೆಮಕ್ಕಳ ಹಾಲಿನ ಬಾಟಲಿಯಿಂದ ಅದು ಹೊರಹೋಗಿ ಅಷ್ಟರಲ್ಲಿ ಬಹಳ ವರ್ಷವಾಗಿತ್ತು. ಯುರೋಪಿನಲ್ಲಿ 2011ರಲ್ಲಿ, ನಮ್ಮ ಬಿಐಎಸ್ ಮಾನದಂಡದಲ್ಲಿ 2015ರಲ್ಲಿ. ಸಂತೆಯಲ್ಲಿ ಹೆಸರಿಲ್ಲದ ಬಾಟಲಿ ಈಗಲೂ ಸಿಗುತ್ತದೆ. ಕೂಸಿಗೆ ದಿನಕ್ಕೆ ಆರೇಳು ಸಲ ಬಿಸಿಹಾಲು ಅದರಲ್ಲೇ ಹೋಗುತ್ತದೆ, ಕೂಸಿನ ತೂಕ ನಾಲ್ಕೈದು ಕಿಲೋ. ಪ್ಲಾಸ್ಟಿಕ್ಕಿನ ಬಗ್ಗೆ ನಾನು ಯಾರ ಜೊತೆ ಜಗಳಕ್ಕೆ ನಿಲ್ಲುವುದಾದರೂ ಈ ಒಂದು ವಸ್ತುವಿಗಾಗಿ ನಿಲ್ಲುತ್ತೇನೆ: ಒಳಲೆ, ಚಮಚ, ಸ್ಟೀಲ್ ಲೋಟ ಇರುವಾಗ ಆ ಬಾಟಲಿ ಮನೆಗೆ ಬೇಡ.

ಈಗ ತಮಿಳುನಾಡಿನ ಪ್ಲಾಸ್ಟಿಕ್ ನಿಷೇಧದ ಮಾತು. 2018ರ ಜೂನ್ 5ರಂದು ಅಂದಿನ ಮುಖ್ಯಮಂತ್ರಿ, ಸೇಲಂ ಜಿಲ್ಲೆಯವರೇ ಆದ ಎಡಪ್ಪಾಡಿ ಪಳನಿಸ್ವಾಮಿ, ಒಮ್ಮೆ ಬಳಸಿ ಎಸೆಯುವ 14 ಬಗೆಯ ಪ್ಲಾಸ್ಟಿಕ್ಕಿಗೆ ನಿಷೇಧ ಸಾರಿದರು. 2019ರ ಜನವರಿ 1ರಿಂದ ಅದು ಜಾರಿಗೆ ಬಂತು. ಎಷ್ಟೇ ದಪ್ಪವಿದ್ದರೂ ಕೈಚೀಲದ ಕವರು ಬೇಡ, ಊಟ ಕಟ್ಟುವ ಹಾಳೆ ಬೇಡ, ಪ್ಲಾಸ್ಟಿಕ್ ಬಳಿದ ಟೀ ಲೋಟವೂ ಬೇಡ. ಹಾಲು, ಮೊಸರು, ಎಣ್ಣೆ, ಔಷಧದ ಪೊಟ್ಟಣಕ್ಕೆ ಮಾತ್ರ ವಿನಾಯಿತಿ. 2021ರ ಡಿಸೆಂಬರ್‌ನಲ್ಲಿ ಸ್ಟಾಲಿನ್ ಸರ್ಕಾರ ಹಳದಿ ಬಟ್ಟೆಚೀಲವನ್ನು ಮತ್ತೆ ಕೈಗೆ ಕೊಡುವ 'ಮೀಂಡುಂ ಮಂಜಪ್ಪೈ' ಅಭಿಯಾನ ಶುರು ಮಾಡಿತು. ಎಲ್ಲವೂ ಒಳ್ಳೆಯದೇ. ಆದರೆ ಈ ನಿಷೇಧದ ಕಣ್ಣಿರುವುದು ನೆಲಕ್ಕೆ ಬೀಳುವ ಪ್ಲಾಸ್ಟಿಕ್ಕಿನ ಮೇಲೆ: ಚರಂಡಿ, ಕೆರೆ, ದನದ ಹೊಟ್ಟೆ. ಮನುಷ್ಯನ ಹೊಟ್ಟೆಗೆ ಬೀಳುವ ಪ್ಲಾಸ್ಟಿಕ್ಕು ಬೇರೆ ಕಾನೂನು, ಬೇರೆ ಕಚೇರಿ, ಬೇರೆ ಅಧಿಕಾರಿ. ಟೀ ಕವರು ಎರಡೂ ಕಾನೂನಿಗೆ ಸಿಕ್ಕಬೇಕಾದ ವಸ್ತು. ನಗರದಲ್ಲಿ ದಾಳಿಯಾದಾಗ ಕವರಿನ ಕಟ್ಟುಗಳನ್ನು ಹೊತ್ತೊಯ್ಯುತ್ತಾರೆ, ದಂಡ ಹಾಕುತ್ತಾರೆ. "ಇದರಲ್ಲಿ ಬಿಸಿ ಹಾಲು ಹಾಕಿದರೆ ಏನಾಗುತ್ತದೆ ಗೊತ್ತಾ" ಎಂದು ಮಾಸ್ಟರಿಗೆ ಯಾರೂ ಹೇಳಿದಂತಿಲ್ಲ. ದಂಡದ ಭಯ ಒಂದು ವಾರ ಇರುತ್ತದೆ. ತಿಳಿವಳಿಕೆ ಬಂದರೆ ಮಾಸ್ಟರ್ ತನ್ನ ಮಗುವಿಗೆ ಟೀ ಒಯ್ಯುವಾಗಲೂ ಕವರು ಮುಟ್ಟುವುದಿಲ್ಲ.

ಗಡಿಯಾಚೆ ಕರ್ನಾಟಕದಲ್ಲಿ ಬಿಸಿ ಪ್ಲಾಸ್ಟಿಕ್ಕಿನ ಈ ಸಂಗತಿ ಇಡ್ಲಿಯ ರೂಪದಲ್ಲಿ ಬಂತು. 2025ರ ಫೆಬ್ರುವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ದು ಹೀಗೆ: ಇಲಾಖೆ 250ರಷ್ಟು ಕಡೆ ಪರಿಶೀಲಿಸಿದಾಗ 50ಕ್ಕೂ ಹೆಚ್ಚು ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು. ಕೂಡಲೇ ಅದನ್ನು ತಡೆಯಲಾಯಿತು. ಜನ ಬೆಚ್ಚಿದರು, ಏಕೆಂದರೆ ಹಬೆಯಾಡುವ ಇಡ್ಲಿಯ ಕೆಳಗೆ ಪ್ಲಾಸ್ಟಿಕ್ಕು ಕಣ್ಣಿಗೆ ಕಂಡಿತು. ಟೀ ಕವರೂ ದಿನಾ ಕಾಣುತ್ತದೆ, ಅಭ್ಯಾಸವಾಗಿ ಹೋಗಿ ಕಣ್ಣು ಅಲ್ಲಿ ನಿಲ್ಲುವುದಿಲ್ಲ.

ಕವರು ಬಿಟ್ಟು ಕಾಗದದ ಲೋಟಕ್ಕೆ ಹೋದರೆ ಕಾಟ ತಪ್ಪಿತು ಎನ್ನುವವರಿಗೂ ಒಂದು ಮಾತು. ಕಾಗದದ ಲೋಟ ಸೋರದಿರುವುದು ಒಳಗೆ ಬಳಿದ ಪ್ಲಾಸ್ಟಿಕ್ಕಿನ ತೆಳು ಪದರದಿಂದ. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ 85ರಿಂದ 90 ಡಿಗ್ರಿಯ ಬಿಸಿನೀರನ್ನು ಅಂಥ ಲೋಟಗಳಲ್ಲಿ ಹದಿನೈದೇ ನಿಮಿಷ ಇಟ್ಟು ನೋಡಿದರು. 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಎಣಿಕೆಗೆ ಸಿಕ್ಕವು. ಇದು ಅಣುಗಳ ವಲಸೆಗಿಂತ ಬೇರೆ ಕಥೆ, ಹಾಳೆಯೇ ಪುಡಿಪುಡಿಯಾಗಿ ಉದುರುವ ಕಥೆ. ಆದರೆ ಎರಡಕ್ಕೂ ಕಿಡಿ ಹಚ್ಚುವುದು ಅದೇ ಬಿಸಿ.

ಹಾಗೆಂದು ಹಾಲನ್ನೆಲ್ಲ ನಾಳೆಯೇ ಗಾಜಿಗೆ ಹಾಕಿ ಎನ್ನುವುದು ಸುಲಭದ ಮಾತು. ಬೆಂಗಳೂರಿನ ಹಿರಿಯರು ಬಾಗಿಲಿಗೆ ಬರುತ್ತಿದ್ದ ಗಾಜಿನ ಬಾಟಲಿಯ ಹಾಲನ್ನು ಇನ್ನೂ ನೆನೆಸುತ್ತಾರೆ. ಪಾಕೀಟಿನ ಬದಲು ಬೇರೆ ದಾರಿ ಹುಡುಕುವಂತೆ ಮದ್ರಾಸ್ ಹೈಕೋರ್ಟ್ ಆವಿನ್‌ಗೂ ಕೇಳಿತ್ತು. ಬಾಟಲಿಯ ಭಾರ, ಒಡೆಯುವ ನಷ್ಟ, ತೊಳೆಯುವ ಬಿಸಿನೀರು, ತಿರುಗಿ ತರುವ ಲಾರಿ, ಎಲ್ಲಕ್ಕೂ ಯಾರೋ ದುಡ್ಡು ಕೊಡಬೇಕು. ಆ ಹೊರೆ ಕೊನೆಗೆ ಎರಡು ಹಸು ಕಟ್ಟಿದ ಪಾಪಾರಪಟ್ಟಿಯ ಹೆಂಗಸಿನ ಲೀಟರಿನ ಬೆಲೆಯ ಮೇಲೆ ಬೀಳಬಾರದು. ತಣ್ಣನೆಯ ಪಾಕೀಟು ಸದ್ಯಕ್ಕೆ ಇರಲಿ, ಖಾಲಿ ಪಾಕೀಟನ್ನು ಹಿಂದಕ್ಕೆ ಕೊಳ್ಳುವ ವ್ಯವಸ್ಥೆ ಬರಲಿ. ಬಿಸಿ ಕವರಿಗೆ ಮಾತ್ರ ಕಾಯಬೇಕಾದ ತಂತ್ರಜ್ಞಾನ ಏನೂ ಇಲ್ಲ. ಅದಕ್ಕೆ ಉತ್ತರ ಈ ನಾಡಿನ ಅಟ್ಟದ ಮೇಲೆ ಮೊದಲಿನಿಂದಲೂ ಇದೆ.

ತಮಿಳಿನಲ್ಲಿ ಅದನ್ನು ತೂಕ್ಕು ಎನ್ನುತ್ತಾರೆ: ಮೇಲೆ ಕಮಾನಿನ ಹಿಡಿಕೆ, ಬಿಗಿಯಾಗಿ ಕೂರುವ ಮುಚ್ಚಳ, ಎಂಟು ಹತ್ತು ಟೀ ಹಿಡಿಯುವ ಸ್ಟೀಲಿನ ಡಬ್ಬಿ. ಕಳೆದ ಸಲ ಕೂಡುರಸ್ತೆಯ ಅಂಗಡಿಯಲ್ಲಿ ನಿಂತಿದ್ದಾಗ ಮಾಸ್ಟರನ್ನು ಕೇಳಿದೆ, ಪಾತ್ರೆ ತಂದರೆ ಹಾಕಿಕೊಡುತ್ತೀರಾ ಎಂದು. "ಯಾಕೆ ಹಾಕಲ್ಲ ಸಾರ್? ಕವರ್ ಕಾಸು ನಂಗೇ ಉಳೀತದೆ. ತರೋವ್ರು ಬೇಕಲ್ಲ" ಎಂದ. ನಾವು ಮಾತಾಡುತ್ತಿರುವಾಗಲೇ ತಲೆಗೆ ಟವೆಲು ಸುತ್ತಿದ ಹೆಂಗಸೊಬ್ಬಳು ರಸ್ತೆ ದಾಟಿ ಬಂದು, ಮುಚ್ಚಳ ತೆಗೆದ ತೂಕ್ಕನ್ನು ಕಟ್ಟೆಯ ಮೇಲಿಟ್ಟಳು. ಎಷ್ಟು ಬೇಕೆಂದು ಅವನು ಕೇಳಲಿಲ್ಲ. ಎಂಟು ಟೀ ಸುರಿದ, ಮೇಲೆ ಇನ್ನೊಂದು ಅರ್ಧ ಮಗ್ಗು ಹಾಕಿದ. ಅವಳು ಮುಚ್ಚಳ ಒತ್ತಿ, ಸೆರಗಿನ ತುದಿಯಿಂದ ಹಿಡಿಕೆ ಹಿಡಿದು, ಬಂದ ದಾರಿಯಲ್ಲೇ ಹೊರಟಳು.